ಕೈಯ ನರ ತುಂಡಾದ ಮೇಲೆ: ಸೋಮವಾರಪೇಟೆಯಿಂದ ಮೈಸೂರಿಗೆ ಓಡಾಡಿದ ಅನುಭವ

ಮುಂಗೈ ಕುಯ್ದು ಹೊಲಿಗೆ ಹಾಕಿಸಿಕೊಂಡಿದ್ದೀರಾ? ಗಾಯ ಒಣಗಿದರೂ ಕಿರುಬೆರಳು ಮರಗಟ್ಟಿದ ಹಾಗೇ ಇದೆಯಾ? ಹಾಗಿದ್ದರೆ ಇದನ್ನು ಓದಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದರೆ ಇಷ್ಟು ಸಾಕು: ‘ಊತ ಇಳಿದ ಮೇಲೆ ಸರಿ ಹೋಗುತ್ತೆ’ ಅನ್ನುವ ಮಾತು ಕೇಳಿಕೊಂಡು ತಿಂಗಳುಗಟ್ಟಲೆ ಕೂರಬೇಡಿ. ತುಂಡಾದ ನರ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಅದು ಬೆಳೆಯುವ ದಾರಿ ಎಷ್ಟು ಕಾಲ ಬೇಕಾದರೂ ತೆರೆದಿರುವುದಿಲ್ಲ.

ನಾನು ಸೋಮವಾರಪೇಟೆ ಕಡೆಯವಳು. ಖಾಸಗಿ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮನೆ ಸುತ್ತ ಸ್ವಲ್ಪ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು ಇದೆ. ಹೋದ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಕಣದ ಪಕ್ಕದ ಶೆಡ್ಡಿಗೆ ಹೊಸ ಶೀಟು ಹಾಕಿಸುತ್ತಿದ್ದೆವು. ಮೇಲಿಂದ ಬಿಚ್ಚಿದ ಹಳೇ ತಗಡೊಂದು ಜಾರಿತು. ಕೆಳಗೆ ನಿಂತಿದ್ದ ನನ್ನ ಬಲ ಮುಂಗೈಯನ್ನು, ಕಿರುಬೆರಳಿನ ಕಡೆಯಿಂದ, ಅದರ ಅಂಚು ಸೀಳಿಕೊಂಡು ಹೋಯಿತು. ರಕ್ತ ಕಾಣಿಸುವ ಮುಂಚೆಯೇ ಕಿರುಬೆರಳಿನ ತುದಿಯವರೆಗೆ ಕರೆಂಟ್ ಹೊಡೆದಂತಾಯಿತು. ಆಮೇಲೆ ಆ ಬೆರಳು ನನ್ನದೇ ಅಲ್ಲ ಅನ್ನಿಸಿತು. ಯಜಮಾನರು ಟವೆಲ್ ಬಿಗಿದು ಕಟ್ಟಿ ಜೀಪು ತೆಗೆದರು.

ಹತ್ತಿರದಲ್ಲಿ ಸಿಕ್ಕ ಕ್ಲಿನಿಕ್ಕಿನಲ್ಲಿ ಗಾಯ ತೊಳೆದು, ಟಿಟಿ ಕೊಟ್ಟು, ಮರಗಟ್ಟಿಸುವ ಇಂಜೆಕ್ಷನ್ ಹಾಕಿ ಹೊಲಿದರು. ಕಿರುಬೆರಳಿಗೆ ಸ್ಪರ್ಶ ಗೊತ್ತಾಗುತ್ತಿಲ್ಲ ಅಂದೆ. ‘ಇಂಜೆಕ್ಷನ್ ಕೊಟ್ಟಿದೀವಲ್ಲ ಮೇಡಂ, ಹಾಗೇ ಇರುತ್ತೆ’ ಅಂದರು. ಮಾರನೆಯ ವಾರ ಡ್ರೆಸ್ಸಿಂಗಿಗೆ ಹೋದಾಗ ಊತದ ಕಾರಣ ಹೇಳಿದರು. ಹೊಲಿಗೆ ಬಿಚ್ಚುವ ಹೊತ್ತಿಗೆ ‘ಸ್ವಲ್ಪ ಟೈಮ್ ಕೊಡಿ’ ಅಂದರು.

ನಿಮಗೆ ಯಾರಿಗಾದರೂ ಹೀಗಾದರೆ, ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುಂಚೆಯೇ ಒಂದು ನಿಮಿಷ ತಡೆಯಲು ಹೇಳಿ. ಒಂದೊಂದು ಬೆರಳಿನ ತುದಿಯನ್ನೂ ಹತ್ತಿಯಿಂದ ಮುಟ್ಟಿಸಿ ನೋಡಿಸಿಕೊಳ್ಳಿ. ಬೆರಳುಗಳನ್ನು ಅಗಲಿಸಿ, ಕೂಡಿಸಿ ತೋರಿಸಿ. ತೋರುಬೆರಳಿನ ಮೇಲೆ ನಡುಬೆರಳು ಹತ್ತಿಸಲು ಆಗುತ್ತದಾ ನೋಡಿ. ನೋಡಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇಂಜೆಕ್ಷನ್ ಆದ ಮೇಲೆ ಇದ್ಯಾವುದೂ ಸರಿಯಾಗಿ ಗೊತ್ತಾಗುವುದಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು, ಕಾಲೇಜು ಶುರುವಾಯಿತು. ಬೋರ್ಡಿನ ಮೇಲೆ ಬರೆಯುವಾಗ ಕಿರುಬೆರಳು ಬೋರ್ಡಿಗೆ ತಾಗಿ ಅಕ್ಷರ ಅಳಿಸುತ್ತಿತ್ತು. ಬೀಗದ ಕೈ ತಿರುಗಿಸಲು ಹೆಬ್ಬೆರಳಿಗೆ ಬಲ ಸಾಲುತ್ತಿರಲಿಲ್ಲ. ಮೊದಲು ಗಮನಿಸಿದ್ದು ಅತ್ತೆ. ಅಕ್ಕಿ ಆರಿಸುತ್ತಾ ಕೂತಿದ್ದವರು ನನ್ನ ಕೈ ಎಳೆದು ನೋಡಿ, ‘ಇಲ್ಲಿ ಮಾಂಸ ಎಲ್ಲಿ ಹೋಯ್ತೇ?’ ಅಂದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ದಪ್ಪ ಜಾಗ ಹಳ್ಳ ಬಿದ್ದಿತ್ತು. ಉಂಗುರ ಬೆರಳು, ಕಿರುಬೆರಳು ಎರಡೂ ಬುಡದಲ್ಲಿ ಹಿಂದಕ್ಕೆ ಬಾಗಿ ತುದಿಯಲ್ಲಿ ಮಡಚಿಕೊಂಡಿದ್ದವು. ಪ್ರತಿ ವರ್ಷ ಮಕ್ಕಳಿಂದ ನರಕೋಶದ ಚಿತ್ರ ಬರೆಸುವವಳು ನಾನು. ಆದರೆ ಪಾಠ ಬೇರೆ, ಸ್ವಂತ ಕೈ ಬೇರೆ ಅಲ್ವಾ.

ಮಡಿಕೇರಿಯಲ್ಲಿ ಮೂಳೆ ಡಾಕ್ಟರೊಬ್ಬರನ್ನು ಕಂಡೆವು. ಅವರು ಯಾವ ಯಂತ್ರವನ್ನೂ ತರಿಸಲಿಲ್ಲ. ಹಳೇ ಚೀಟಿಯೊಂದನ್ನು ನನ್ನ ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿಸಿ, ‘ಬಿಡಬೇಡಿ’ ಎಂದು ಎಳೆದರು. ಎಡಗೈ ಹಿಡಿದುಕೊಂಡಿತು. ಬಲಗೈಯಲ್ಲಿ ಹೆಬ್ಬೆರಳಿನ ತುದಿ ತಾನಾಗಿ ಮಡಚಿತು, ಕಾಗದ ಜಾರಿತು. ಇದಕ್ಕೆ ಫ್ರೋಮೆಂಟ್ ಪರೀಕ್ಷೆ ಅನ್ನುತ್ತಾರೆ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಫ್ರೆಂಚ್ ಡಾಕ್ಟರೊಬ್ಬರದು. ಪೈಸೆ ಖರ್ಚಿಲ್ಲ, ಮನೆಯಲ್ಲೇ ಮಾಡಿ ನೋಡಬಹುದು. ‘ಅಲ್ನಾರ್ ನರ ಕಟ್ ಆಗಿರಬಹುದು, ಮೈಸೂರಿಗೆ ಹೋಗಿ, ತಡ ಮಾಡಬೇಡಿ’ ಅಂದರು ಅವರು.

ಅಲ್ನಾರ್ ನರ ಅಂದರೆ ಮೊಣಕೈ ಗೋಡೆಗೆ ಬಡಿದಾಗ ಜುಮ್ ಅನ್ನುತ್ತದಲ್ಲಾ, ಅದೇ. ಅದರ ಎಳೆಗಳ ತಾಯಿಕೋಶಗಳು ಇರುವುದು ಕೈಯಲ್ಲಲ್ಲ. ಕತ್ತಿನ ಬುಡದಲ್ಲಿ, ಬೆನ್ನುಹುರಿಯಲ್ಲೂ ಅದರ ಪಕ್ಕದ ಗಂಟುಗಳಲ್ಲೂ ಇವೆ. ಅಲ್ಲಿಂದ ಬೆರಳಿನವರೆಗೆ ಒಂದೊಂದು ಎಳೆಯೂ ಒಂದೇ ಕೋಶದ ಬಾಲ, ಸುಮಾರು ಮುಕ್ಕಾಲು ಮೀಟರ್ ಉದ್ದ.

ಮೈಸೂರಿಗೆ ಹೊರಡುವ ಮುಂಚೆ ಕಾಗದಪತ್ರದ ವಿಷಯ. ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮೊದಲು ಆಸ್ಪತ್ರೆ, ಆಮೇಲೆ ಪತ್ರ ಅಂದುಕೊಂಡರೆ ಮತ್ತೆ ಊರಿಗೆ ಬಂದು ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಆ ಓಡಾಟ ಬೇಡವೇ ಬೇಡ. ನಮ್ಮದು ಬೇರೆ ಖಾಸಗಿ ವಿಮೆಯೂ ಇತ್ತು. ಅದರ ರಾಮಾಯಣ ಮುಂದೆ ಹೇಳುತ್ತೇನೆ.

ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು. ಅಲ್ಲಿ ಅಕ್ಕನ ಮಗಳ ಮನೆ ಇದ್ದಿದ್ದರಿಂದ ಉಳಿಯುವ ಖರ್ಚು ಉಳಿಯಿತು. ಮೊದಲು ನರದ ಪರೀಕ್ಷೆ. ಎನ್‌ಸಿಎಸ್ ಅಂದರೆ ಚರ್ಮದ ಮೇಲಿಂದ ಸಣ್ಣ ಶಾಕ್ ಕೊಟ್ಟು ನರದಲ್ಲಿ ಕರೆಂಟ್ ಹರಿಯುತ್ತದಾ ನೋಡುವುದು. ಇಎಂಜಿ ಅಂದರೆ ಮಾಂಸಖಂಡದೊಳಗೆ ತೆಳು ಸೂಜಿ ಚುಚ್ಚಿ ಅದರ ಸದ್ದು ಕೇಳುವುದು. ಎರಡೂ ಸೇರಿ ಮೂರು ಸಾವಿರದ ಆಸುಪಾಸು ಆಯಿತು. ಶಾಕ್ ತಡೆದುಕೊಳ್ಳಬಹುದು. ಸೂಜಿ ಚುಚ್ಚಿ ‘ಬೆರಳು ಅಗಲಿಸಿ’ ಅಂದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಅಗಲಿಸುತ್ತಿದ್ದೇನೆ ಅಂತ ನನಗೆ ಅನ್ನಿಸುತ್ತಿತ್ತು, ಬೆರಳು ಮಾತ್ರ ಅಲ್ಲಾಡುತ್ತಿರಲಿಲ್ಲ. ಸ್ಪೀಕರಿನಿಂದ ಟಪಟಪ ಅಂತ ಸದ್ದು ಬರುತ್ತಿತ್ತು. ಅದು ನರದ ಅಪ್ಪಣೆಯಿಂದ ಬಂದ ಸದ್ದಲ್ಲ, ನರ ಕೈಬಿಟ್ಟ ಸ್ನಾಯು ತಾನಾಗಿ ಅದುರುವ ಸದ್ದು ಎಂದು ಟೆಕ್ನಿಷಿಯನ್ ಹೇಳಿದ.

ಈ ಪರೀಕ್ಷೆಗೆ ಹೊತ್ತು ಗೊತ್ತು ಇದೆ. ನರ ಕಡಿದ ಮೊದಲ ಕೆಲವು ದಿನ, ಕಡಿದ ಜಾಗದ ಕೆಳಗಿನ ತುಂಡಿಗೆ ಶಾಕ್ ಕೊಟ್ಟರೆ ಸ್ನಾಯು ಇನ್ನೂ ಕುಣಿಯುತ್ತದೆ. ಅದನ್ನು ನೋಡಿ ಎಲ್ಲಾ ಸರಿ ಇದೆ ಅಂದುಕೊಳ್ಳಬಾರದು. ಸೂಜಿ ಪರೀಕ್ಷೆಯಲ್ಲಿ ಪೂರ್ತಿ ಚಿತ್ರ ಸಿಗಲು ಸುಮಾರು ಮೂರು ವಾರ ಬೇಕು. ಹಾಗಂತ ಹರಿತವಾದ ವಸ್ತುವಿನಿಂದ ಆದ ಗಾಯಕ್ಕೆ ಮೂರು ವಾರ ಕಾಯಬೇಕು ಅಂತಲ್ಲ. ಕುಯ್ದ ಗಾಯದ ಕೆಳಗೆ ಬೆರಳು ಮರಗಟ್ಟಿದರೆ ಗಾಯ ತೆರೆದು ನರವನ್ನು ಕಣ್ಣಾರೆ ನೋಡುವುದೇ ಸರಿ. ಆದಷ್ಟು ಬೇಗ ನೋಡಿದರೆ ಎರಡು ತುದಿ ನೇರವಾಗಿ ಸೇರಿಸಲು ಆಗುತ್ತದೆ. ಇದನ್ನು ಹೇಳಿದ್ದು ನನ್ನ ಸರ್ಜನ್. ನನಗಂತೂ ಆ ಹೊತ್ತು ಮೀರಿತ್ತು.

ನರದ ಗಾಯದಲ್ಲಿ ಮೂರು ಬಗೆ. ಬ್ರಿಟನ್ನಿನ ಸೆಡನ್ ಎನ್ನುವವರು 1943ರಲ್ಲಿ ಮಾಡಿದ ವಿಂಗಡಣೆ ಇವತ್ತಿಗೂ ನಡೆಯುತ್ತಿದೆ. ಒಂದು, ನರಕ್ಕೆ ಪೆಟ್ಟು ಬಿದ್ದು ಸಂದೇಶ ನಿಂತಿರುತ್ತದೆ ಅಷ್ಟೇ, ವಾರಗಳಲ್ಲಿ ಸರಿಯಾಗುತ್ತದೆ. ಎರಡು, ಒಳಗಿನ ಎಳೆ ಕಡಿದಿದೆ ಆದರೆ ಹೊರಗಿನ ಕೊಳವೆ ಗಟ್ಟಿ ಇದೆ, ತಾನಾಗಿ ಬೆಳೆಯುತ್ತದೆ. ಮೂರು, ಎಲ್ಲವೂ ತುಂಡು. ‘ಕಾದು ನೋಡೋಣ’ ಅನ್ನುವುದು ಮೊದಲ ಎರಡಕ್ಕೆ ಸರಿ. ನನ್ನದು ಮೂರನೆಯದು.

ಕಳಿಸಿದ್ದು ಪ್ಲಾಸ್ಟಿಕ್ ಸರ್ಜನ್ ಹತ್ತಿರ. ಯಜಮಾನರಿಗೆ ಗೊಂದಲ. ‘ಗಾಯದ ಗುರುತು ಇದ್ದರೆ ಇರಲಿ ಬಿಡಿ ಸಾರ್, ಬೆರಳು ಸರಿ ಮಾಡಿ’ ಅಂದುಬಿಟ್ಟರು. ಡಾಕ್ಟರು ನಕ್ಕರು. ಕೈ ನರ, ಸಣ್ಣ ರಕ್ತನಾಳ ಎಲ್ಲ ಮೈಕ್ರೋಸ್ಕೋಪಿನಡಿ ಹೊಲಿಯುವವರು ಬಹಳ ಕಡೆ ಪ್ಲಾಸ್ಟಿಕ್ ಸರ್ಜನ್‌ಗಳೇ. ವಿಚಾರಿಸುವಾಗ ‘ಹ್ಯಾಂಡ್ ಸರ್ಜರಿ ಮಾಡುವವರು ಇದ್ದಾರಾ?’ ಎಂದೇ ಕೇಳಿ.

ಆಪರೇಷನ್ ಜುಲೈ ಕೊನೆಯಲ್ಲಿ ಆಯಿತು. ತೆರೆದು ನೋಡಿದಾಗ ಮೇಲಿನ ತುದಿ ಗಂಟು ಕಟ್ಟಿತ್ತಂತೆ. ಬೆಳೆಯಲು ಹೊರಟ ಎಳೆಗಳಿಗೆ ದಾರಿ ಸಿಗದೆ ಅಲ್ಲೇ ಸುತ್ತಿಕೊಂಡು ಆದ ಗಂಟು, ನ್ಯೂರೋಮಾ. ಅದನ್ನು ಕತ್ತರಿಸಿ ತೆಗೆದ ಮೇಲೆ ಎರಡು ತುದಿಗಳ ನಡುವೆ ಮೂರು ಸೆಂಟಿಮೀಟರಿನಷ್ಟು ಅಂತರ ಉಳಿಯಿತು. ಎಳೆದು ಹೊಲಿಯುವ ಹಾಗಿಲ್ಲ. ಬಿಗಿಯಾದರೆ ರಕ್ತ ಓಡಾಡುವುದಿಲ್ಲ, ಎಳೆ ದಾಟುವುದಿಲ್ಲ. ಅದಕ್ಕೆ ಕಾಲಿನ ಹಿಂಭಾಗದಿಂದ ಸೂರಲ್ ಎಂಬ ನರದ ತುಂಡು ತೆಗೆದು, ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿದು ಕೂರಿಸಿದರು. ಒಪ್ಪಿಗೆ ಪತ್ರದಲ್ಲಿ ಇದು ಬರೆದಿರುತ್ತದೆ, ಓದಿ ಸಹಿ ಮಾಡಿ. ಎಚ್ಚರವಾದಾಗ ಕಾಲಿಗೂ ಬ್ಯಾಂಡೇಜ್ ನೋಡಿ ನಮ್ಮ ಅತ್ತೆ ಗಾಬರಿಯಾಗಿದ್ದರು. ನನ್ನ ಪಾದದ ಹೊರ ಅಂಚು ಈಗ ಮರಗಟ್ಟಿದೆ. ಇದರಿಂದ ನಡೆಯಲು ತೊಂದರೆ ಇಲ್ಲ. ತೋಟದಲ್ಲಿ ಜಿಗಣೆ ಕಚ್ಚಿದ್ದು ಗೊತ್ತಾಗಲ್ಲ ಅಂತ ಯಾರೋ ಹೆದರಿಸಿದರು. ಜಿಗಣೆ ಕಚ್ಚಿದ್ದು ಯಾರಿಗೆ ತಾನೇ ಗೊತ್ತಾಗುತ್ತದೆ ಬಿಡಿ.

ಮೂರು ವಾರ ಪ್ಲಾಸ್ಟರ್ ಪಟ್ಟಿ. ಮಳೆ, ಕರೆಂಟ್ ಇಲ್ಲ, ಎಡಗೈಯಲ್ಲಿ ಊಟ. ಆಗ ಕೂತು ಓದಿದೆ. ಕೈಯೊಳಗೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದರೆ ಕಾಯುವುದು ಸ್ವಲ್ಪ ಸುಲಭ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಬೇಡದವರು ಮುಂದೆ ಹೋಗಿ.

1850ರಲ್ಲಿ ಆಗಸ್ಟಸ್ ವಾಲರ್ ಎಂಬಾತ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ನೋಡಿದ. ಕಡಿದ ಜಾಗದಿಂದ ಆಚೆಗಿನ ಎಳೆಗಳು ಕೆಲವೇ ದಿನಗಳಲ್ಲಿ ಚೂರಾಗಿ ಕರಗಿಹೋದವು. ಊಟ ಸಿಗದೆ ಸತ್ತವು ಅಂತ ಬಹಳ ಕಾಲ ನಂಬಿದ್ದರು. 1989ರಲ್ಲಿ ಒಂದು ಬಗೆಯ ಇಲಿಯ ವಿಷಯ ಹೊರಬಂತು. ಅದರ ನರ ಕಡಿದರೂ ಆಚೆ ತುಂಡು ವಾರಗಟ್ಟಲೆ ಹಾಗೇ ಇರುತ್ತಿತ್ತು. ಅಂದರೆ ಎಳೆ ಸುಮ್ನೆ ಸಾಯುವುದಿಲ್ಲ, ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಆ ಕೆಲಸದ ಮುಖ್ಯ ಪ್ರೋಟೀನ್ ಸಾರ್ಮ್1, ಅದರ ಪಾತ್ರ ತಿಳಿದದ್ದು 2012ರಲ್ಲಿ. ತಾಯಿಕೋಶದಿಂದ ನಿತ್ಯ ಹರಿದು ಬರುವ ಎನ್‌ಎಂನ್ಯಾಟ್2 ಎಂಬ ಕಿಣ್ವ ನಿಂತುಹೋದರೆ ಸಾರ್ಮ್1 ಎಚ್ಚರವಾಗುತ್ತದೆ. ಕೋಶದ ಶಕ್ತಿಗೆ ಬೇಕಾದ ಎನ್‌ಎಡಿ ಎಂಬ ಅಣುವನ್ನು ಒಡೆದು ಖಾಲಿ ಮಾಡುತ್ತದೆ. ಎಳೆ ಕುಸಿಯುತ್ತದೆ.

ಕೆಡವಿದ ಮೇಲೆ ತೆರವು ಆಗಬೇಕು. ನರದ ಎಳೆಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವ ಶ್ವಾನ್ ಕೋಶಗಳ ಬಗ್ಗೆ ನಾನು ಕ್ಲಾಸಿನಲ್ಲಿ ಎರಡು ವಾಕ್ಯ ಹೇಳಿ ಮುಗಿಸುತ್ತಿದ್ದೆ. ಅವು ಮಾಡುವ ಕೆಲಸ ಓದಿ ನಾಚಿಕೆ ಆಯಿತು. ನರ ಕಡಿದ ಕೂಡಲೇ ಅವುಗಳಲ್ಲಿ ಸಿ-ಜುನ್ ಎಂಬ ಪ್ರೋಟೀನ್ ಏರುತ್ತದೆ. ಅದು ಜೀನ್‌ಗಳ ಸ್ವಿಚ್ಚು. ಶ್ವಾನ್ ಕೋಶ ಮೈಲಿನ್ ಮಾಡುವುದನ್ನು ನಿಲ್ಲಿಸಿ ರಿಪೇರಿ ಕೋಶವಾಗುತ್ತದೆ. ಹಳೇ ಮೈಲಿನ್ನಿನ ಒಂದಷ್ಟನ್ನು ತಾನೇ ನುಂಗುತ್ತದೆ. ಉಳಿದದ್ದಕ್ಕೆ ರಕ್ತದಿಂದ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳನ್ನು ಕರೆಯುತ್ತದೆ. ಆಮೇಲೆ ಉದ್ದಕ್ಕೆ ಚಾಚಿ ಸಾಲುಗಟ್ಟಿ ನಿಂತು, ಎನ್‌ಜಿಎಫ್, ಬಿಡಿಎನ್‌ಎಫ್, ಜಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನ್‌ಗಳನ್ನು ಸುರಿಸುತ್ತದೆ. ಈ ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ-ಮೊಂತಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ನಮ್ಮ ಸಿಲ್ವರ್ ಮರ ಮೆಣಸಿನ ಬಳ್ಳಿಗೆ ಹೇಗೋ ಹಾಗೆ ಈ ಸಾಲು ಹೊಸ ಎಳೆಗೆ. ಆಸರೆ ಇದ್ದರೆ ಹತ್ತುತ್ತದೆ, ಇಲ್ಲದಿದ್ದರೆ ನೆಲದಲ್ಲೇ ಸುತ್ತಿಕೊಳ್ಳುತ್ತದೆ. ಕಾಲಿನಿಂದ ತಂದ ನರದಲ್ಲೂ ಎಳೆಗಳು ಸಾಯುತ್ತವೆ. ಉಪಯೋಗಕ್ಕೆ ಬರುವುದು ಅದರ ಕೊಳವೆ ಮತ್ತು ಶ್ವಾನ್ ಕೋಶಗಳೇ. ಇದು ಗೊತ್ತಾದ ಮೇಲೆ ಕಾಲಿನ ಗಾಯದ ಬಗ್ಗೆ ಬೇಜಾರು ಕಡಿಮೆಯಾಯಿತು.

ಅತ್ತ ಕತ್ತಿನ ಬುಡದ ತಾಯಿಕೋಶಕ್ಕೂ ಸುದ್ದಿ ಹೋಗುತ್ತದೆ. ಮೊದಲು ಕ್ಯಾಲ್ಸಿಯಂ ಅಲೆ, ಹಿಂದೆಯೇ ಪ್ರೋಟೀನ್‌ಗಳ ಸಾಗಣೆ. ಕೋಶದ ಕೇಂದ್ರದಲ್ಲಿ ಎಟಿಎಫ್3, ಸ್ಟ್ಯಾಟ್3 ಮುಂತಾದ ಜೀನ್ ಸ್ವಿಚ್ಚುಗಳು ಎದ್ದು, ಸಂದೇಶ ಕಳಿಸುವ ಕೆಲಸ ಬದಿಗಿಟ್ಟು ಬೆಳೆಯುವ ಕೆಲಸ ಶುರು ಮಾಡಿಸುತ್ತವೆ. ಜಿಎಪಿ-43 ಎಂಬ ಪ್ರೋಟೀನ್ ಏರುತ್ತದೆ. ಕೋಶದೊಳಗೆ ಸಂದೇಶ ಸಾಗುವ ಎಂಟಾರ್ ಎಂಬ ದಾರಿಯು ಪ್ರೋಟೀನ್ ತಯಾರಿಯ ವೇಗ ಹೆಚ್ಚಿಸುತ್ತದೆ. ಪಿಟೆನ್ ಅನ್ನುವುದು ಅದಕ್ಕೆ ಬ್ರೇಕು. ಪ್ರಯೋಗಾಲಯದಲ್ಲಿ ಆ ಬ್ರೇಕು ಸಡಿಲಿಸಿದರೆ ನರ ಜೋರಾಗಿ ಬೆಳೆಯುತ್ತದೆ. ಹಾಗಾದರೆ ಮಾತ್ರೆ ಮಾಡಿ ಕೊಡಬಾರದಾ ಅಂತ ನನಗೂ ಅನ್ನಿಸಿತು. ಆದರೆ ಅದೇ ಪಿಟೆನ್ ಕ್ಯಾನ್ಸರ್ ಗಡ್ಡೆಗಳನ್ನೂ ತಡೆಯುವಂಥದ್ದು. ಹಗುರವಾಗಿ ಮುಟ್ಟುವ ವಿಷಯ ಅಲ್ಲ.

ಇಷ್ಟೆಲ್ಲಾ ಆಗಿ ಎಳೆ ಬೆಳೆಯುವುದು ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್. ಎಳೆ ಕಟ್ಟುವ ಸಾಮಾನು ತಾಯಿಕೋಶದಿಂದ ಅಷ್ಟು ದೂರ ನಿಧಾನವಾಗಿ ಬರಬೇಕಲ್ಲ. ಸರ್ಜನ್ ಟೇಪು ಹಿಡಿದು ಅಳೆದರು. ಹೊಲಿಗೆಯಿಂದ ಹೆಬ್ಬೆರಳ ಪಕ್ಕದ ಸ್ನಾಯುವಿಗೆ 16 ಸೆಂಟಿಮೀಟರ್. ಕಿರುಬೆರಳಿನ ತುದಿಗೆ 25. ಶುರುವಾಗಲು ಒಂದು ತಿಂಗಳು ಸೇರಿಸಿ ಲೆಕ್ಕ ಹಾಕಿಕೊಳ್ಳಿ ಅಂದರು.

ತಡ ಯಾಕೆ ಮಾಡಬಾರದು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ರಿಪೇರಿ ಕೋಶಗಳು ಎಳೆ ಬರಲಿ ಅಂತ ತಿಂಗಳುಗಟ್ಟಲೆ ಕಾದು ಕಾದು ಸೋಲುತ್ತವೆ. ಸಿ-ಜುನ್ ಇಳಿಯುತ್ತದೆ, ಪೋಷಕ ಪ್ರೋಟೀನ್ ಕಡಿಮೆಯಾಗುತ್ತದೆ, ಕೋಶಗಳೇ ಕಡಿಮೆಯಾಗುತ್ತವೆ. ಸ್ನಾಯು ಸೊರಗಿ ಗಟ್ಟಿಯಾಗುತ್ತದೆ. ಒಂದು, ಒಂದೂವರೆ ವರ್ಷ ನರ ತಲುಪದಿದ್ದರೆ ಆಮೇಲೆ ತಲುಪಿದರೂ ಸ್ನಾಯು ಒಗ್ಗುವುದು ಕಷ್ಟ. ಕಂಕುಳ ಹತ್ತಿರ ನರ ಕಡಿದವರಿಗೆ ಬೆರಳಿನ ಬಲ ಮರಳುವುದು ಇದಕ್ಕೇ ಅಪರೂಪ. ಎಲ್ಲಾ ಸರಿ ಇದ್ದರೂ ದೂರವೇ ಜಾಸ್ತಿ. ಸ್ಪರ್ಶಕ್ಕೆ ಮಾತ್ರ ಅಷ್ಟು ಕಟ್ಟುನಿಟ್ಟಿನ ಗಡುವು ಇಲ್ಲ.

ಆಪರೇಷನ್ ಆದ ಕೂಡಲೇ ನರಕ್ಕೆ ಒಂದು ಗಂಟೆ, ಸೆಕೆಂಡಿಗೆ 20 ಬಾರಿ ಸಣ್ಣ ಕರೆಂಟ್ ಕೊಟ್ಟರೆ ಎಳೆಗಳು ಹೊಲಿಗೆ ಬೇಗ ದಾಟುತ್ತವೆ ಎಂದು ಕೆನಡಾದ ಟೆಸ್ಸಾ ಗಾರ್ಡನ್ ಅವರ ತಂಡ ತೋರಿಸಿದೆ. ಬಿಡಿಎನ್‌ಎಫ್ ಏರುವುದರಿಂದ ಹಾಗಾಗುತ್ತದಂತೆ. ಕೇಳಿದೆ. ಅವರಲ್ಲಿ ಅದು ಇರಲಿಲ್ಲ. ಫಿಸಿಯೋಥೆರಪಿಯಲ್ಲಿ ಸ್ನಾಯುವಿಗೆ ಕೊಡುವ ಕರೆಂಟ್ ಬೇರೆ, ಇದು ಬೇರೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಮಾತ್ರೆ ವಿಷಯ ಬೇಗ ಹೇಳುತ್ತೇನೆ. ಮೀಥೈಲ್‌ಕೋಬಾಲಮಿನ್ ಬರೆದರು, ಅದು ಬಿ12 ವಿಟಮಿನ್ನಿನ ಒಂದು ರೂಪ. ನುಂಗಿದೆ, ಅದರಿಂದ ಪವಾಡ ನಿರೀಕ್ಷಿಸಲಿಲ್ಲ. ರಾತ್ರಿ ಉರಿಗೆ ಪ್ರಿಗಾಬಲಿನ್. ಅದು ಉರಿ ತಗ್ಗಿಸಿತು, ಜೊತೆಗೆ ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿ ತೂಕಡಿಕೆ. ಡಾಕ್ಟರಿಗೆ ಹೇಳಿ ಪ್ರಮಾಣ ಕಡಿಮೆ ಮಾಡಿಸಿಕೊಂಡೆ, ನಾನಾಗಿ ನಿಲ್ಲಿಸಲಿಲ್ಲ. ಎಣ್ಣೆ ತಿಕ್ಕಿ ‘ನರ ಕೂರಿಸುವವರ’ ವಿಳಾಸ ಊರಿನಲ್ಲಿ ಎಲ್ಲರ ಹತ್ತಿರವೂ ಇತ್ತು. ಹೊಸ ಹೊಲಿಗೆಯ ಮೇಲೆ ಯಾರನ್ನೂ ಕೈ ಇಡಲು ಬಿಡಬೇಡಿ. ಬೀಡಿ ಸಿಗರೇಟು ಸೇದುವವರು ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ಎರಡೂ ನರ ಬೆಳೆಯುವುದಕ್ಕೆ ಅಡ್ಡ.

ಕೊಡಗಿನವರಿಗೆ ಮುಖ್ಯವಾದ ಮಾತು: ಚಳಿ. ನರ ಕಡಿದ ಕೈಗೆ ಚಳಿ ತಡೆಯುವುದಿಲ್ಲ. ಇದನ್ನು ನನಗೆ ಮೈಸೂರಿನಲ್ಲಿ ಯಾರೂ ಮುಂಚೆ ಹೇಳಲಿಲ್ಲ, ಅವರಿಗೆ ನಮ್ಮ ಆಗಸ್ಟ್ ತಿಂಗಳು ಗೊತ್ತಿಲ್ಲವಲ್ಲ. ಮಂಜು ಕವಿದ ಬೆಳಗ್ಗೆ ಕಿರುಬೆರಳು ನೀಲಿಯಾಗಿ, ಒಳಗೆ ಮೂಳೆ ಕೊರೆದಂತೆ ನೋವು. ಉಣ್ಣೆ ಗ್ಲೌಸು, ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ, ಇವೇ ಗತಿ. ಬಿಸಿನೀರಿನ ಚೀಲ ಬೇಡ. ಒಲೆ ಮುಂದೆ ಕೈ ಚಾಚುವುದೂ ಬೇಡ. ಒಂದು ದಿನ ಬೆಳಗ್ಗೆ ಕಾಫಿ ಪಾತ್ರೆ ಇಳಿಸಿದ್ದೆ. ಕಿರುಬೆರಳ ಬದಿಗೆ ಬೊಬ್ಬೆ ಬಂದದ್ದು ಮಧ್ಯಾಹ್ನ ಹಾಜರಿ ಪುಸ್ತಕಕ್ಕೆ ನೀರು ಅಂಟಿದಾಗಲೇ ಗೊತ್ತಾಯಿತು. ಆಮೇಲೆ ಮಲಗುವ ಮುಂಚೆ ಟಾರ್ಚ್ ಹಿಡಿದು ಬೆರಳು ಪರೀಕ್ಷೆ ಮಾಡುವ ಅಭ್ಯಾಸ ಮಾಡಿಕೊಂಡೆ.

ಫಿಸಿಯೋಥೆರಪಿಗೆ ಮಡಿಕೇರಿಗೆ ಹೋಗುತ್ತಿದ್ದೆ. ಬೆರಳಿನ ಬುಡದ ಗೆಣ್ಣು ಮಡಚಿಡುವ ನಕಲ್ ಬೆಂಡರ್ ಎಂಬ ಪಟ್ಟಿ ಕೊಟ್ಟರು. ಕೀಲು ಗಟ್ಟಿಯಾಗಿಬಿಟ್ಟರೆ ನರ ಬಂದರೂ ಪ್ರಯೋಜನವಿಲ್ಲ. ಬೇಜಾರಾದರೂ ಹಾಕಿಕೊಳ್ಳಿ. ಅಲ್ಲಿನ ಹುಡುಗಿ ಪ್ರತಿ ಸಲ ನನ್ನ ಮುಂಗೈ ಮೇಲೆ ತನ್ನ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬರುತ್ತಿದ್ದಳು. ಒಂದು ಜಾಗದಲ್ಲಿ ತಟ್ಟಿದಾಗ ಕಿರುಬೆರಳಲ್ಲಿ ಜುಮ್ ಅನ್ನುತ್ತಿತ್ತು. ಅಲ್ಲಿ ಬಾಲ್‌ಪೆನ್ನಿನಿಂದ ಗೀಟು ಹಾಕಿ, ಮಣಿಕಟ್ಟಿನಿಂದ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಟಿನೆಲ್ ಚಿಹ್ನೆ, 1915ರದು. ಬೆಳೆಯುತ್ತಿರುವ ಎಳೆಯ ತುದಿ ಅಲ್ಲಿಗೆ ಬಂದಿದೆ ಎಂದರ್ಥ. ಕೈಲ್ ಮುಹೂರ್ತದ ಹೊತ್ತಿಗೆ ಗೀಟು ಹೊಲಿಗೆಯ ಹತ್ತಿರವೇ ಇತ್ತು. ಮುಂದಿನ ಸಲವೂ ಅಲ್ಲೇ. ಆ ಸಲ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಕಾಲಿನ ನರದ ತುಂಡಿಗೆ ಎರಡು ಹೊಲಿಗೆ, ಎರಡನ್ನೂ ದಾಟಲು ಎಳೆಗೆ ಸಮಯ ಬೇಕು. ಕಾವೇರಿ ಸಂಕ್ರಮಣದ ನಂತರ ಗೀಟು ಇಳಿಯತೊಡಗಿತು. ಹುತ್ತರಿ ಕಳೆದ ಮೇಲೆ ಮಣಿಕಟ್ಟಿನ ಹತ್ತಿರ ಬಂತು.

ಈಗ ವಿಮೆ. ಕ್ಯಾಶ್‌ಲೆಸ್ ಆಗಲಿಲ್ಲ, ಲಕ್ಷದ ಮೇಲೆ ಆದ ಬಿಲ್ಲು ಕೈಯಿಂದ ಕಟ್ಟಿ ಆಮೇಲೆ ಕ್ಲೇಮು. ಮೊದಲ ಆಕ್ಷೇಪ: ಗಾಯ ಮೇ ತಿಂಗಳಲ್ಲಿ, ಆಪರೇಷನ್ ಜುಲೈನಲ್ಲಿ, ನಡುವೆ ಏನು? ಕ್ಲಿನಿಕ್ಕಿನ ಚೀಟಿಯಲ್ಲಿ ‘ಮುಂಗೈ ಗಾಯ, ಹೊಲಿಗೆ’ ಅಂತ ಮಾತ್ರ ಇತ್ತು. ಬೆರಳು ಮರಗಟ್ಟಿದ್ದು ಎಲ್ಲೂ ಬರೆದಿರಲಿಲ್ಲ. ಎರಡನೆಯದು: ಗಾಯವಾದಾಗ ರೋಗಿ ಮದ್ಯ ಸೇವಿಸಿರಲಿಲ್ಲ ಎಂದು ವೈದ್ಯರಿಂದ ಪತ್ರ ತನ್ನಿ. ಕೊಡಗು ಅಂದ ಕೂಡಲೇ ಕೇಳಿದರೇನೋ ಅಂತ ಯಜಮಾನರು ಸಿಟ್ಟಾದರು. ಅಪಘಾತದ ಕ್ಲೇಮಿಗೆ ಎಲ್ಲರನ್ನೂ ಕೇಳುತ್ತಾರಂತೆ. ಮೂರನೆಯದು ತಮಾಷೆಯಂತೆ ಕಂಡರೂ ತಿಂಗಳು ತಿಂದಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಕಡೆ ಬಲಗೈ, ಇನ್ನೊಂದು ಕಡೆ ಎಡಗೈ ಎಂದು ಟೈಪಾಗಿತ್ತು. ತಿದ್ದಿಸಿ, ಸೀಲು ಹಾಕಿಸಿ ತರಲು ಮತ್ತೆ ಮೈಸೂರು. ಡಿಸ್ಚಾರ್ಜ್ ಆಗುವ ದಿನ ಕೌಂಟರ್ ಮುಂದೆಯೇ ನಿಂತು ಹೆಸರು, ವಯಸ್ಸು, ತಾರೀಖು, ಎಡ-ಬಲ ಎಲ್ಲಾ ಓದಿ. ಕೊನೆಗೆ ದುಡ್ಡು ಬಂತು, ಗ್ಲೌಸು, ಸಿರಿಂಜು ಅಂತ ಒಂದಷ್ಟು ಕಡಿದುಕೊಂಡು. ಫಿಸಿಯೋಥೆರಪಿ, ಓಡಾಟ, ಪಟ್ಟಿ ಇವೆಲ್ಲ ನಮ್ಮ ಖರ್ಚೇ. ತಿಂಗಳುಗಟ್ಟಲೆ ನಡೆಯುವುದರಿಂದ ಇದೇ ನಿಧಾನವಾಗಿ ದೊಡ್ಡ ಮೊತ್ತವಾಗುತ್ತದೆ, ಮೊದಲೇ ಎತ್ತಿಡಿ.

ಅಂಗವಿಕಲರ ಕಾರ್ಡು ಮಾಡಿಸಿ ಅಂತ ಕೆಲವರು ಹೇಳಿದರು. ನರ ಇನ್ನೂ ಬೆಳೆಯುತ್ತಿರುವಾಗ ಶಾಶ್ವತ ಅಂಗವಿಕಲತೆ ಎಷ್ಟು ಅಂತ ಅಳೆಯಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಬಿಟ್ಟೆ.

ಫೆಬ್ರುವರಿಯಲ್ಲಿ, ರೊಬಸ್ಟಾ ಕೊಯ್ಲು ನಡೆಯುತ್ತಿದ್ದಾಗ, ತೋರುಬೆರಳು ಪಕ್ಕಕ್ಕೆ ಒಂದು ಕೂದಲೆಳೆಯಷ್ಟು ಸರಿಯಿತು. ನನಗೆ ಅನುಮಾನ. ಫಿಸಿಯೋ ಹುಡುಗಿ ಸ್ನಾಯುವಿನ ಮೇಲೆ ಬೆರಳಿಟ್ಟು ‘ಬಂತು ಮೇಡಂ’ ಅಂದಳು. ಆಮೇಲೆ ಸ್ಪರ್ಶ ಕಲಿಯುವ ಪಾಠ. ಹೊಸ ಎಳೆಗಳೆಲ್ಲಾ ಹಳೇ ಕೊಳವೆಗೇ ಹೋಗುವುದಿಲ್ಲ, ದಾರಿ ತಪ್ಪಿ ಪಕ್ಕದ್ದಕ್ಕೂ ನುಗ್ಗುತ್ತವೆ. ಉಂಗುರ ಬೆರಳು ಮುಟ್ಟಿದರೆ ಕಿರುಬೆರಳು ಮುಟ್ಟಿದಂತಾಗುತ್ತದೆ. ಮಿದುಳಿಗೆ ಹೊಸದಾಗಿ ಹೇಳಿಕೊಡಬೇಕು. ನಾನು ತಟ್ಟೆಯಲ್ಲಿ ಕಾಫಿ ಬೀಜ, ಕರಿಮೆಣಸು, ಏಲಕ್ಕಿ ಹಾಕಿಕೊಂಡು, ಕಣ್ಣು ಮುಚ್ಚಿ ಕಿರುಬೆರಳಿನಿಂದ ಹೊರಳಿಸಿ ಹೇಳುವುದು, ಕಣ್ಣು ಬಿಟ್ಟು ನೋಡುವುದು, ಮತ್ತೆ ಮುಚ್ಚುವುದು. ಏಲಕ್ಕಿಯ ಏಣು ಮೊದಲು ಗೊತ್ತಾಯಿತು. ಮೆಣಸು ಮತ್ತು ಕಾಫಿ ಬೀಜ ಈಗಲೂ ಕೆಲವೊಮ್ಮೆ ಅದಲುಬದಲು.

ಈಗ ಇರುವ ಸ್ಥಿತಿ: ಬೀಗ ತೆಗೆಯುತ್ತೇನೆ, ಬೋರ್ಡಿನ ಮೇಲೆ ಬರೆಯುತ್ತೇನೆ. ಬೆರಳಿನ ಬಾಗು ಅರ್ಧ ಸರಿಯಾಗಿದೆ. ಕಿರುಬೆರಳು ಪಕ್ಕದ ಬೆರಳಿಗೆ ಇನ್ನೂ ಪೂರ್ತಿ ಸೇರುವುದಿಲ್ಲ, ಜೇಬಿಗೆ ಕೈ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಇಷ್ಟರಲ್ಲೇ ನಿಂತರೆ, ಬಲ ಇರುವ ಬೇರೆ ಸ್ನಾಯುವಿನ ಸ್ನಾಯುರಜ್ಜು ತಿರುಗಿಸಿ ಕಟ್ಟುವ ಆಪರೇಷನ್ ಇದೆಯಂತೆ. ಅದರ ತೀರ್ಮಾನ ಮಳೆಗಾಲ ಮುಗಿದ ಮೇಲೆ, ಇನ್ನೊಂದು ಎನ್‌ಸಿಎಸ್ ನೋಡಿ. ಆ ಪರೀಕ್ಷೆಗೆ ಹೋಗುವವರು ಹಳೇ ರಿಪೋರ್ಟಿನ ಅಸಲು ಪ್ರತಿ ತೆಗೆದುಕೊಂಡು ಹೋಗಿ, ಹೋಲಿಸಿ ನೋಡಲು ಬೇಕಾಗುತ್ತದೆ. ಕೈಗೆ ಎಣ್ಣೆ, ಕ್ರೀಮು ಹಚ್ಚಿಕೊಂಡು ಹೋಗಬೇಡಿ. ಚಳಿ ಇದ್ದರೆ ಗ್ಲೌಸು ಹಾಕಿಕೊಂಡೇ ಹೋಗಿ, ಕೈ ತಣ್ಣಗಿದ್ದರೆ ನರದ ವೇಗ ಕಡಿಮೆ ತೋರಿಸುತ್ತದೆ.